ಹೊನ್ನಕ್ಕಿಯ ಹಳದಿ, ಮಡಿವಾಳದ ಬಿಳಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಚಳಿಗಾಲದ ಬೆಳಿಗ್ಗೆ ನನಗೆ ಹೊನ್ನಕ್ಕಿ ಸಿಕ್ಕಿತು. ಗಂಡು ಹಕ್ಕಿ. ಮೈಯೆಲ್ಲ ಹಳದಿ, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಒಂದು ಕಪ್ಪು ಪಟ್ಟೆ, ಕೆಂಪಗಿನ ಕೊಕ್ಕು. ಅದರ ಕೊಳಲಿನಂಥ ಕೂಗನ್ನು ಎಷ್ಟೋ ದಿನ ಕೇಳಿದ್ದೆ. ಹಕ್ಕಿ ಮಾತ್ರ ಯಾವಾಗಲೂ ಎಲೆಗಳ ಒಳಗೇ ಇರುತ್ತಿತ್ತು. ಅವತ್ತು ಹೊರಗಿನ ಕೊಂಬೆಗೆ ಬಂದು ಕೂತಿತು. ಖುಷಿಯಲ್ಲಿ ಇಪ್ಪತ್ತು ಫೋಟೋ ತೆಗೆದೆ.

ಮನೆಗೆ ಬಂದು ಎಡಿಟಿಂಗ್‌ಗೆ ಕೂತಾಗ ಮನಸ್ಸಿನಲ್ಲಿದ್ದದ್ದು ಒಂದೇ. ನೋಡಿದವರು 'ಅಬ್ಬಾ, ಎಂಥ ಹಳದಿ' ಅನ್ನಬೇಕು. ಬಣ್ಣದ ಗಾಢತೆ ಹೆಚ್ಚಿಸುವ ಸ್ಯಾಚುರೇಶನ್ ಏರಿಸಿದೆ, ಅದರ ಮೇಲೆ ಮಂಕು ಬಣ್ಣಗಳನ್ನು ಎತ್ತುವ ವೈಬ್ರೆನ್ಸ್ ಏರಿಸಿದೆ, ಮಬ್ಬು ತೆಗೆಯುವ ಡಿಹೇಜ್ ಕೂಡ ಸ್ವಲ್ಪ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಬಹಳ ಚೆನ್ನಾಗಿ ಕಂಡಿತು. 12x18 ಇಂಚಿನ ಪ್ರಿಂಟ್ ಹಾಕಿಸಿದೆ. ಪ್ರಿಂಟ್ ಕೈಗೆ ಬಂದಾಗ ಹಕ್ಕಿಯ ಎದೆಯಲ್ಲಿ ಒಂದು ಗರಿಯೂ ಕಾಣಲಿಲ್ಲ. ಅರಿಶಿನ ಕಲಸಿ ಮೆತ್ತಿದ ಹಾಗಿತ್ತು. ಮೊದಲು ಪ್ರಿಂಟ್ ಹಾಕಿದವರದೇ ತಪ್ಪು ಅಂದುಕೊಂಡೆ. ಫೈಲ್ ತೆರೆದು ದೊಡ್ಡದು ಮಾಡಿ ನೋಡಿದೆ. ಅಲ್ಲೂ ಗರಿ ಇರಲಿಲ್ಲ. ಕಳೆದುಹಾಕಿದ್ದು ನಾನೇ.

ಏನಾಗಿತ್ತು ಅಂದರೆ, ಪರದೆಯ ಮೇಲಿನ ಪ್ರತಿಯೊಂದು ಬಣ್ಣವೂ ಕೆಂಪು, ಹಸಿರು, ನೀಲಿ ಮೂರರ ಅಳತೆ. ಒಂದೊಂದಕ್ಕೂ 0ಯಿಂದ 255ರವರೆಗೆ ಜಾಗ. ಗಾಢ ಹಳದಿಯಲ್ಲಿ ಕೆಂಪು ಮೇಲಿನ ತುದಿಯ ಹತ್ತಿರ ಇರುತ್ತದೆ, ನೀಲಿ ಕೆಳಗಿನ ತುದಿಯ ಹತ್ತಿರ. ಗರಿಯಿಂದ ಗರಿಗೆ ಇರುವ ಸಣ್ಣ ಸಣ್ಣ ವ್ಯತ್ಯಾಸದಲ್ಲೇ ನಮಗೆ ಗರಿ ಕಾಣುವುದು. ಸ್ಯಾಚುರೇಶನ್ ಏರಿಸಿದಾಗ ಕೆಂಪು 255ಕ್ಕೆ ಹೋಗಿ ನಿಂತಿತು, ನೀಲಿ 0ಗೆ ಇಳಿದು ನಿಂತಿತು. ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಒಟ್ಟು ಬೆಳಕಿನ ಹಿಸ್ಟೋಗ್ರಾಮ್ (ಕತ್ತಲಿಂದ ಬೆಳಕಿನವರೆಗೆ ಯಾವುದು ಎಷ್ಟಿದೆ ಅಂತ ತೋರಿಸುವ ನಕ್ಷೆ) ಮಾತ್ರ ನೋಡಿದರೆ ಇದು ಗೊತ್ತಾಗುವುದೇ ಇಲ್ಲ. ಅದರಲ್ಲಿ ಎಲ್ಲ ಸರಿಯಾಗಿರುತ್ತದೆ. ಮೂರು ಬಣ್ಣಗಳನ್ನು ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ನೋಡಬೇಕು. ಕ್ಯಾಮೆರಾದಲ್ಲೂ ಈಗ ಅದನ್ನೇ ಆನ್ ಮಾಡಿಟ್ಟಿದ್ದೇನೆ. ಹಳದಿ, ಕೆಂಪು ಹಕ್ಕಿ ಇದ್ದರೆ ಎಕ್ಸ್‌ಪೋಶರ್ (ಕ್ಯಾಮೆರಾ ಹಿಡಿಯುವ ಬೆಳಕು) ಅರ್ಧ ಸ್ಟಾಪ್ ಇಳಿಸಿಯೇ ತೆಗೆಯುತ್ತೇನೆ; ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ.

ಆ ಫೈಲನ್ನು ಮೊದಲಿನಿಂದ ಮತ್ತೆ ಮಾಡಿದೆ. ಕ್ಯಾಮೆರಾ ಕಂಡದ್ದನ್ನು ಹಾಗೇ ಇಟ್ಟುಕೊಳ್ಳುವ ರಾ ಫೈಲ್ ಆಗಿದ್ದರಿಂದ ಬಚಾವಾದೆ. ಲೈಟ್‌ರೂಮ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬಣ್ಣಕ್ಕೆ ಮೂಲ ರೂಪ ಕೊಡುವ ಪ್ರೊಫೈಲನ್ನು ನ್ಯೂಟ್ರಲ್‌ಗೆ ಇಳಿಸಿದೆ. ಅಷ್ಟಕ್ಕೇ ಎದೆಯ ಗರಿ ಅರ್ಧ ವಾಪಸ್ ಬಂತು. ಹಳದಿಯೊಂದರ ಸ್ಯಾಚುರೇಶನ್ 12 ಕಡಿಮೆ ಮಾಡಿದೆ, ಅದರ ಲ್ಯೂಮಿನೆನ್ಸ್, ಅಂದರೆ ಹೊಳಪು, ಸ್ವಲ್ಪ ಇಳಿಸಿದೆ. ಹಳದಿ ಕಡಿಮೆ ಮಾಡಿದ ಮೇಲೆ ಹಕ್ಕಿ ಇನ್ನೂ ಹಳದಿಯಾಗಿ ಕಂಡಿತು! ಕಾರಣ ಗರಿಯ ಅಂಚಿನ ನೆರಳು. ಆ ನೆರಳಿದ್ದರೆ ಪಕ್ಕದ ಹಳದಿ ಹೊಳೆಯುತ್ತದೆ. ಎಲ್ಲ ಕಡೆ ಒಂದೇ ಹಳದಿ ಬಳಿದರೆ ಅದು ಬರೀ ಬಣ್ಣ, ಹಕ್ಕಿಯಲ್ಲ.

ಈ ಪಾಠ ಆದ ಮೇಲೆ ಒಂದಿಡೀ ಬೇಸಿಗೆ ಬಣ್ಣದ ಹಕ್ಕಿಗಳನ್ನು ಬಿಟ್ಟುಬಿಟ್ಟೆ. ನಮ್ಮ ಬೀದಿಯ ಮಡಿವಾಳ ಹಕ್ಕಿಯನ್ನು ಹಿಡಿದುಕೊಂಡೆ. ಕಪ್ಪು ಬಿಳಿ, ಅಷ್ಟೇ. ಮಡಿ ಬಟ್ಟೆಯಂಥ ಆ ಬಿಳುಪು ನೋಡಿಯೇ ಈ ಹೆಸರು ಬಂದಿರಬೇಕು ಅನ್ನಿಸುತ್ತದೆ. ಬಣ್ಣ ಕಲಿಯುವುದಕ್ಕೆ ಬಣ್ಣವಿಲ್ಲದ ಹಕ್ಕಿ ಯಾಕೆ ಅಂತ ಗೆಳೆಯರು ಕೇಳಿದರು. ಬಿಳಿಯಲ್ಲಿ ತಪ್ಪು ಅಡಗುವುದಿಲ್ಲ, ಅದಕ್ಕೆ. ಹಳದಿ ಹಕ್ಕಿ ಸ್ವಲ್ಪ ಹಸಿರಾದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಮಡಿವಾಳದ ಹೊಟ್ಟೆ ಹಸಿರಾದರೆ ಮಗುವಿಗೂ ಗೊತ್ತಾಗುತ್ತದೆ.

ಮಾರ್ಚ್ ಹೊತ್ತಿಗೆ ಗಂಡು ಮಡಿವಾಳ ಬೆಳಕು ಹರಿಯುವ ಮುಂಚೆಯೇ ಹಾಡು ಶುರು ಮಾಡುತ್ತದೆ. ಆಂಟೆನಾ, ಕರೆಂಟ್ ಕಂಬ, ತೆಂಗಿನ ಗರಿಯ ತುದಿ, ಎಲ್ಲಿ ಎತ್ತರವೋ ಅಲ್ಲಿ. ಕೆಳಗೆ ನಿಂತು ತೆಗೆದರೆ ಹಿಂದೆ ಬರೀ ಬಿಳಿ ಆಕಾಶ. ಹಕ್ಕಿ ಕಪ್ಪು ಗೊಂಬೆಯಾಗುತ್ತದೆ. ಎಕ್ಸ್‌ಪೋಶರ್ ಏರಿಸಿದರೆ ಆಕಾಶದ ಬೆಳಕು ಲೆನ್ಸಿನೊಳಗೆ ಹರಡಿ ಬಣ್ಣವೆಲ್ಲ ತೊಳೆದುಹೋಗುತ್ತದೆ. ಎಡಿಟಿಂಗ್‌ನಲ್ಲಿ ಇದಕ್ಕೆ ಒಳ್ಳೆಯ ಮದ್ದಿಲ್ಲ. ನಾನು ಟೆರೇಸ್ ಹತ್ತಿದೆ. ಹಕ್ಕಿಯ ಮಟ್ಟಕ್ಕೆ ಬಂದರೆ ಹಿಂದೆ ಮರ ಬರುತ್ತದೆ. ಅಲ್ಲಿ ದಿನಾ ಒಂದೇ ಜಾಗದಲ್ಲಿ ಸುಮ್ನೆ ಕೂರುತ್ತಿದ್ದೆ. ಒಂದು ವಾರದ ನಂತರ ಹಕ್ಕಿ ನನ್ನನ್ನು ನೀರಿನ ಟ್ಯಾಂಕಿನ ಹಾಗೆಯೇ ನೋಡಿಕೊಂಡು ಹಾಡುತ್ತಿತ್ತು. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದನ್ನು ನಾನು ಮಾಡುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಅದು ಕೆಲಸ ಬಿಟ್ಟು ಜಗಳಕ್ಕೆ ಬರುತ್ತದೆ. ಅಂಥ ಫೋಟೋ ನನಗೆ ಬೇಡ.

ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆಯ ಬೆಳಕೇ ಇದಕ್ಕೆ ಸರಿ. ಹಾಡುವಾಗ ಗಂಟಲು ಕಂಪಿಸುತ್ತಿರುತ್ತದೆ, ಹಾಗಾಗಿ ಶಟರ್ ಸೆಕೆಂಡಿನ 1/500 ಭಾಗಕ್ಕಿಂತ ನಿಧಾನ ಇಡುವುದಿಲ್ಲ. ಅಪರ್ಚರ್ (ಲೆನ್ಸಿನ ಬಾಯಿಯ ಅಳತೆ) 6.3, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಸಾಧ್ಯವಾದಷ್ಟು 800ರ ಆಸುಪಾಸು. ಬಿಳಿ ಹೊಟ್ಟೆ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಇಳಿಸುತ್ತೇನೆ, ಕಪ್ಪಿನ ಭಾಗವನ್ನು ಆಮೇಲೆ ಶಾಡೋ ಸ್ಲೈಡರಿನಲ್ಲಿ ಎತ್ತುತ್ತೇನೆ. ಆಗಲೇ ನನಗೆ ಗೊತ್ತಾಗಿದ್ದು, ಗಂಡು ಮಡಿವಾಳದ ಕಪ್ಪಿನಲ್ಲಿ ಸಣ್ಣ ನೀಲಿ ಮಿಂಚಿದೆ. ಅದನ್ನು ತಪ್ಪು ಅಂದುಕೊಂಡು ಮೊದಲು ಅಳಿಸುತ್ತಿದ್ದೆ.

ವೈಟ್ ಬ್ಯಾಲೆನ್ಸ್‌ಗೆ (ಬೆಳಕಿನ ಬಣ್ಣ ಕಳೆದು ಬಿಳಿಯನ್ನು ಬಿಳಿಯಾಗಿಸುವುದಕ್ಕೆ) ಹಕ್ಕಿಯ ಬಿಳಿಯ ಮೇಲೆಯೇ ಡ್ರಾಪರ್, ಅಂದರೆ 'ಇದೇ ಬಿಳಿ' ಅಂತ ತೋರಿಸುವ ಸಾಧನ, ಒತ್ತುವವರಿದ್ದಾರೆ. ನಾನೂ ಒತ್ತುತ್ತಿದ್ದೆ. ಆದರೆ ಬೆಳಗಿನ ಬಿಸಿಲಿನಲ್ಲಿ ಆ ಬಿಳಿ ನಿಜವಾಗಿಯೂ ಜೇನು ಬಣ್ಣಕ್ಕಿರುತ್ತದೆ. ಒತ್ತಿದ ಕೂಡಲೇ ಬೆಳಗು ಹೋಗಿ ಮಧ್ಯಾಹ್ನ ಆಗಿಬಿಡುತ್ತದೆ. ಈಗ ಕ್ಯಾಮೆರಾವನ್ನು ಹಗಲಿನ ಬೆಳಕಿನ ಅಳತೆಯಾದ 5500 ಕೆಲ್ವಿನ್‌ಗೆ ಕಟ್ಟಿಹಾಕಿದ್ದೇನೆ. ಆಟೋ ಬಿಟ್ಟರೆ ಒಂದೊಂದು ಫೋಟೋಕ್ಕೂ ಅದು ಮನಸ್ಸು ಬದಲಾಯಿಸುತ್ತದೆ. ಒಂದೇ ಅಳತೆ ಇದ್ದರೆ ಬೆಳಕು ಎಲ್ಲಿ ಬದಲಾಯಿತು ಅನ್ನುವುದು ಫೋಟೋಗಳನ್ನು ಸಾಲಾಗಿ ಇಟ್ಟಾಗ ತಾನಾಗಿ ಕಾಣುತ್ತದೆ. ಜೊತೆಗೆ ಬಣ್ಣ ಸರಿಮಾಡುವಾಗ ಆಧಾರಕ್ಕೆ ಅದೇ ಬೆಳಕಿನಲ್ಲಿ ಒಂದು ಬೂದು ಕಾರ್ಡಿನ ಫೋಟೋ ತೆಗೆದುಕೊಳ್ಳುತ್ತೇನೆ. ಶುರುವಿನಲ್ಲಿ ಕಾರ್ಡಿನ ಬದಲು ಬಿಳಿ ಕರ್ಚೀಫ್ ಹಿಡಿದಿದ್ದೆ. ನೀಲಿ ಹಾಕಿ ಒಗೆದ ಬಟ್ಟೆ ಅದು. ಅದನ್ನು ಬಿಳಿ ಅಂತ ನಂಬಿದ್ದಕ್ಕೆ ಎಲ್ಲ ಫೋಟೋಗಳೂ ಹಳದಿಗೆ ತಿರುಗಿದ್ದವು.

ಅಷ್ಟೆಲ್ಲ ಕಲಿತ ಮೇಲೂ ಕಾಡು ನನ್ನನ್ನು ಸೋಲಿಸಿತು. ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಹಕ್ಕಿಗಳಿಗೆ ನೀರಿಟ್ಟು, ಮರೆಯಲ್ಲಿ ಕೂತು ನೋಡುವ ವ್ಯವಸ್ಥೆ ಇದೆ. ಅಲ್ಲಿ ಕಿತ್ತಳೆ ತಲೆಯ ನೆಲಸಿಳ್ಳಾರ ಸ್ನಾನಕ್ಕೆ ಬಂತು. ಇಂಪಾಗಿ ಹಾಡುವ ಹಕ್ಕಿ. ತಲೆ, ಹೊಟ್ಟೆ ಕಿತ್ತಳೆ, ಬೆನ್ನು ನೀಲಿ ಬೂದು. ನಮ್ಮ ಕಡೆಯ ಹಕ್ಕಿಗೆ ಮುಖ ಬಿಳಿ, ಅದರ ಮೇಲೆ ಎರಡು ಕಪ್ಪು ಗೆರೆ. ಮೇಲೆ ದಟ್ಟ ಎಲೆ, ಬೆಳಕೆಲ್ಲ ಆ ಎಲೆಗಳಿಂದ ಸೋಸಿ ಬರುತ್ತಿತ್ತು. ಫೋಟೋದಲ್ಲಿ ಬಿಳಿ ಮುಖ ಪಾಚಿ ಹಿಡಿದ ಹಾಗೆ ಹಸಿರು, ಕಿತ್ತಳೆ ಹೋಗಿ ಸಾಸಿವೆ ಬಣ್ಣ.

ಇಲ್ಲಿ ಬಿಸಿ-ತಂಪಿನ ಸ್ಲೈಡರ್ ಎಷ್ಟು ಎಳೆದರೂ ಉಪಯೋಗವಿಲ್ಲ. ಅದು ನೀಲಿ ಮತ್ತು ಹಳದಿಯ ನಡುವೆ ಓಡಾಡುತ್ತದೆ. ಹಸಿರನ್ನು ತೆಗೆಯುವುದು ಹಸಿರು ಮತ್ತು ಮೆಜೆಂಟಾ (ನೇರಳೆ ಗುಲಾಬಿ) ನಡುವೆ ಓಡಾಡುವ ಟಿಂಟ್ ಸ್ಲೈಡರ್. ಬೂದು ಕಾರ್ಡಿಗೆ ಸರಿಯಾಗುವಷ್ಟು ಟಿಂಟನ್ನು ಮೆಜೆಂಟಾ ಕಡೆಗೆ ಒಯ್ದೆ. ಹಕ್ಕಿ ಸರಿಹೋಯಿತು. ಹಿಂದಿನ ಕಾಡು ಕೆಟ್ಟಿತು. ಮಣ್ಣು ನೇರಳೆಯಾಯಿತು, ಒದ್ದೆ ಕಲ್ಲು ಗುಲಾಬಿಯಾಯಿತು. ಎರಡು ಸಂಜೆ ಅದರ ಮುಂದೆ ಕೂತಿದ್ದೆ.

ಕೊನೆಗೆ ಹಿಡಿದ ದಾರಿ ಇದು. ಇಡೀ ಫೋಟೋಕ್ಕೆ ಬೇಕಾದ ತಿದ್ದುಪಡಿಯ ಮೂರರಲ್ಲಿ ಎರಡು ಪಾಲು ಮಾತ್ರ. ಕಾಡಿನಲ್ಲಿದ್ದೇವೆ ಅನ್ನುವಷ್ಟು ಹಸಿರು ಉಳಿಯಲಿ. ಹಕ್ಕಿಯ ಮೇಲೆ, ಅದನ್ನಷ್ಟೇ ಆರಿಸಿಕೊಳ್ಳುವ ಬೇರೆ ಮಾಸ್ಕ್, ಅದಕ್ಕೆ ಇನ್ನೊಂದು ಚೂರು ಟಿಂಟ್. ಆಮೇಲೆ ಹಿನ್ನೆಲೆಯ ಹಸಿರಿನ ಸ್ಯಾಚುರೇಶನ್ 15ರಿಂದ 20 ಇಳಿಸಿದೆ. ಹಕ್ಕಿಯ ಕಿತ್ತಳೆಯನ್ನು ಮುಟ್ಟಲೇ ಇಲ್ಲ. ಸುತ್ತಲಿನ ಹಸಿರು ತಗ್ಗಿದಾಗ ಅದು ತಾನೇ ಎದ್ದು ಬಂತು. ಆವತ್ತಿನಿಂದ ನನ್ನ ಅಭ್ಯಾಸವೇ ಬದಲಾಗಿದೆ. ಹಕ್ಕಿಯ ಬಣ್ಣ ಮಂಕು ಅನ್ನಿಸಿದರೆ ಮೊದಲು ಹಕ್ಕಿಯ ಸುತ್ತ ನೋಡುತ್ತೇನೆ. ಹತ್ತರಲ್ಲಿ ಎಂಟು ಸಲ ಕಿರುಚುತ್ತಿರುವುದು ಎಲೆ.

ಕತ್ತಲ ಕಾಡಿನಲ್ಲಿ ಐಎಸ್ಒ 3200, 6400 ಆಗಿಬಿಡುತ್ತದೆ. ಆಗ ಫೋಟೋದಲ್ಲಿ ಬಣ್ಣದ ಚುಕ್ಕಿಗಳು, ಅಂದರೆ ನಾಯ್ಸ್, ಬರುತ್ತವೆ. ಅವನ್ನು ತೆಗೆಯುವ ಕಲರ್ ನಾಯ್ಸ್ ಸ್ಲೈಡರನ್ನು ಜಾಸ್ತಿ ಎಳೆಯಬೇಡಿ. ಅದಕ್ಕೆ ನಾಯ್ಸ್ ಯಾವುದು, ಕೆಮ್ಮೀಸೆ ಪಿಕಳಾರದ ಕಣ್ಣಿನ ಹಿಂದಿನ ಪುಟ್ಟ ಕೆಂಪು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒರೆಸುತ್ತದೆ.

ಪರದೆಯ ಬಗ್ಗೆ ಒಂದು ಮಾತು. ರಾತ್ರಿ ಕಣ್ಣಿಗೆ ಹಿತ ಅಂತ ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್ ಆನ್ ಇತ್ತು. ಗಮನಿಸದೆ ಒಂದು ಪ್ರವಾಸದ ಅಷ್ಟೂ ಫೋಟೋ ಎಡಿಟ್ ಮಾಡಿದೆ. ಬೆಳಿಗ್ಗೆ ನೋಡಿದರೆ ಎಲ್ಲ ನೀಲಿ. ಈಗ ಮೊದಲು ಅದನ್ನು ಆಫ್ ಮಾಡುತ್ತೇನೆ, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸುತ್ತೇನೆ. ಬೇರೆಯವರಿಗೆ ಕಳಿಸುವ ಫೈಲನ್ನು ಹೆಚ್ಚಿನ ಪರದೆಗಳಿಗೆ ಹೊಂದುವ ಬಣ್ಣದ ಅಳತೆ ಎಸ್‌ಆರ್‌ಜಿಬಿಯಲ್ಲೇ ಉಳಿಸುತ್ತೇನೆ. ಎಡಿಟ್ ಮುಗಿದ ಮೇಲೆ ರಾತ್ರಿ ಕಳೆದು ಬೆಳಿಗ್ಗೆ ಇನ್ನೊಮ್ಮೆ ನೋಡದೆ ಯಾರಿಗೂ ಕಳಿಸುವುದಿಲ್ಲ. ಅರ್ಧ ಗಂಟೆ ಒಂದೇ ಫೋಟೋ ನೋಡಿದರೆ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ, ಅಲ್ವಾ?

ಇವೆಲ್ಲಕ್ಕಿಂತ ನನಗೆ ಹೆಚ್ಚು ಸಹಾಯ ಮಾಡಿದ್ದು ಜೇಬಿನಲ್ಲಿರುವ ಒಂದು ಚಿಕ್ಕ ಪುಸ್ತಕ. ಹಕ್ಕಿ ಹಾರಿಹೋದ ಕೂಡಲೇ ಎರಡು ಸಾಲು ಬರೆಯುತ್ತೇನೆ. 'ಮೋಡ. ಎದೆ ಬೆಣ್ಣೆ ಬಿಳಿ. ಬೆನ್ನು ಒದ್ದೆ ಹೆಂಚಿನ ಬಣ್ಣ.' ಸಂಜೆ ಹೊತ್ತಿಗೆ ನೆನಪು ಬಣ್ಣ ಏರಿಸಿಕೊಂಡಿರುತ್ತದೆ. ಬರೆದಿಟ್ಟದ್ದು ಹಾಗೇ ಇರುತ್ತದೆ.

ಆ ಪುಸ್ತಕದಲ್ಲಿ ಮಲಬಾರ್ ಸಿಳ್ಳಾರದ ಪುಟ ಮಾತ್ರ ಗೋಜಲು. ಮಡಿಕೇರಿ ಹತ್ತಿರದ ಒಂದು ಹಳ್ಳದ ಬಳಿ, ಮಳೆಗಾಲದ ಶುರುವಿನಲ್ಲಿ ಸಿಕ್ಕಿದ್ದು. ನಸುಕಿನಲ್ಲಿ ಮನುಷ್ಯರೇ ಸಿಳ್ಳೆ ಹಾಕಿದ ಹಾಗೆ ಹಾಡುತ್ತಿತ್ತು. ಆಗ 'ಪೂರ್ತಿ ಕಪ್ಪು' ಅಂತ ಬರೆದೆ. ಎಂಟು ಗಂಟೆಗೆ, ಮೋಡದ ಬೆಳಕಿನಲ್ಲಿ, 'ಕಡು ನೀಲಿ, ಮಂಕು' ಅಂತ ಬರೆದೆ. ಆಮೇಲೆ ಐದು ನಿಮಿಷ ಬಿಸಿಲು ಬಂತು. ಹಕ್ಕಿ ಕಲ್ಲಿನ ಮೇಲೆ ತಿರುಗಿ ಕೂತಿತು. ಹಣೆ ಮತ್ತು ಹೆಗಲ ಮೇಲೆ ನೀಲಿ ದೀಪ ಹಚ್ಚಿದ ಹಾಗಾಯಿತು. ಹೊನ್ನಕ್ಕಿಯ ಹಳದಿ ಅದು ತಿಂದ ಆಹಾರದಿಂದ ಗರಿಗೆ ಬಂದ ಬಣ್ಣ, ಯಾವ ಕಡೆಯಿಂದ ನೋಡಿದರೂ ಹಳದಿಯೇ. ಈ ನೀಲಿ ಹಾಗಲ್ಲ. ಹಕ್ಕಿಗಳ ಗರಿಯಲ್ಲಿ ನೀಲಿ ಬಣ್ಣದ ಪುಡಿ ಇರುವುದಿಲ್ಲ. ಗರಿಯೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ರಚನೆ ಬೆಳಕನ್ನು ಚೆದುರಿಸಿ ನೀಲಿಯನ್ನು ನಮ್ಮ ಕಡೆ ಕಳಿಸುತ್ತದೆ. ಬೆಳಕು ಬದಲಾದರೆ ಹಕ್ಕಿಯೇ ಬದಲಾದ ಹಾಗೆ.

ಕಪ್ಪಾಗಿ ಬಂದ ಫೋಟೋವನ್ನು ಎತ್ತಿ ನೀಲಿ ಮಾಡಲು ಒಮ್ಮೆ ಪ್ರಯತ್ನಿಸಿದ್ದೆ. ಬಂತು ಕೂಡ. ಆದರೆ ನಸುಕಿನ ಆ ಹೊತ್ತು ಹಾಳಾಯಿತು. ಹಿಂದಿನ ನೀರು ಕೂಡ ಹಗಲಿನ ನೀರಾಗಿಬಿಟ್ಟಿತು. ವಾಪಸ್ ಮೊದಲಿನಂತೆ ಮಾಡಿ, ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಮಾತ್ರ ಏರಿಸಿ ಬಿಟ್ಟೆ. ಯಾರಾದರೂ ಸಿಳ್ಳಾರದ ಫೋಟೋ ತೋರಿಸಿ ಅಂದರೆ ಈಗ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ತೋರಿಸುತ್ತೇನೆ.