ಸ್ಕೂಲ್ ನಡೆಯುತ್ತಿರುವಾಗಲೇ ಕ್ರೂಸ್‌ಗೆ ಹೊರಟಿದ್ದೀರಾ?

ರಜೆ ಶುರುವಾಯಿತೆಂದರೆ ಕ್ರೂಸ್ ದರ ಏರುತ್ತದೆ, ಹಡಗಿನ ಈಜುಕೊಳದಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಸ್ಕೂಲ್ ನಡೆಯುವ ದಿನಗಳಲ್ಲಿ ಹೋದರೆ ದರವೂ ಕಡಿಮೆ, ಗದ್ದಲವೂ ಕಡಿಮೆ. ಆಸೆಯಾಗುವುದು ಸಹಜ. ಆದರೆ ಹಡಗಿಗಿಂತ ಮೊದಲು ವಾರವನ್ನು ಆರಿಸಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡಿ ಆಮೇಲೆ ಪೇಚಾಡುತ್ತಾರೆ.

ಹಾಗಾಗಿ ಮೊದಲ ಕೆಲಸ, ಸ್ಕೂಲ್ ಕ್ಯಾಲೆಂಡರ್ ಮುಂದಿಟ್ಟುಕೊಳ್ಳುವುದು. ಪರೀಕ್ಷೆ ವಾರ ಬೇಡ ಅನ್ನುವುದು ಎಲ್ಲರಿಗೂ ಗೊತ್ತು. ಗಮನಕ್ಕೆ ಬಾರದೆ ಹೋಗುವುದು ಗಣಿತದಲ್ಲಿ ಹೊಸ ಪಾಠ ಶುರುವಾಗುವ ವಾರ. ಭಿನ್ನರಾಶಿ ಕೂಡುವುದನ್ನು ಹೇಳಿಕೊಡುವ ಮೊದಲ ಎರಡು ದಿನ ತಪ್ಪಿದರೆ ಮಗು ಆಮೇಲೆ ಬಹಳ ದಿನ ತಡವರಿಸುತ್ತದೆ. ರಿವಿಷನ್ ವಾರವೋ, ಸ್ಪೋರ್ಟ್ಸ್ ಡೇ ತಯಾರಿಯ ವಾರವೋ ತಪ್ಪಿದರೆ ಅಷ್ಟು ನಷ್ಟವಿಲ್ಲ. (ಓಟದಲ್ಲಿ ಮುಂದಿರುವ ಮಗುವಿನ ಎದುರು ಮಾತ್ರ ಇದನ್ನು ಹೇಳಬೇಡಿ.) ಯಾವ ವಾರ ಹಗುರ ಅಂತ ಕ್ಲಾಸ್ ಟೀಚರನ್ನೇ ಕೇಳಿ. ದೊಡ್ಡ ಪರೀಕ್ಷೆಯ ವರ್ಷವಾದರೆ ಆಸೆ ಬಿಟ್ಟುಬಿಡಿ.

ಎರಡನೆಯದು ಅನುಮತಿ. ದುಡ್ಡು ಕಟ್ಟುವ ಮೊದಲೇ ರಜಾ ಅರ್ಜಿ ಕೊಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಇಂಗ್ಲೆಂಡಿನಂಥ ಕಡೆ ಅನುಮತಿಯಿಲ್ಲದೆ ಗೈರು ಮಾಡಿಸಿದರೆ ಅಪ್ಪ ಅಮ್ಮನಿಗೆ ದಂಡವೂ ಬೀಳಬಹುದು. ಜ್ವರ ಅಂತ ಸುಳ್ಳು ಚೀಟಿ ಕಳಿಸುವ ಯೋಚನೆ ಬೇಡವೇ ಬೇಡ. ಬಿಸಿಲಿಗೆ ಕಪ್ಪಾಗಿ ಬಂದ ಮಗು ಮೊದಲ ದಿನವೇ ಡಾಲ್ಫಿನ್ ಕಂಡ ಕಥೆಯನ್ನು ಇಡೀ ಕ್ಲಾಸಿಗೆ ಹೇಳದೆ ಇರುತ್ತದಾ?

ಇನ್ನು ಕಾಗದ ಪತ್ರ. ಪ್ರವಾಸ ಮುಗಿದ ಮೇಲೂ ಪಾಸ್‌ಪೋರ್ಟಿಗೆ 6 ತಿಂಗಳಾದರೂ ಅವಧಿ ಉಳಿದಿರಲಿ. ಅಪ್ಪ ಅಮ್ಮನಲ್ಲಿ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ. ಸಾಮಾನ್ಯವಾಗಿ 6 ತಿಂಗಳು ತುಂಬದ ಕೂಸನ್ನು ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ. ಮಹಾಸಾಗರ ದಾಟುವ ಪ್ರಯಾಣವಾದರೆ ಹಲವು ಹಡಗುಗಳಲ್ಲಿ 12 ತಿಂಗಳು ತುಂಬಿರಬೇಕು. ಹಡಗಿನಲ್ಲಿ ಮಕ್ಕಳನ್ನು ಆಡಿಸುವ ಕಿಡ್ಸ್ ಕ್ಲಬ್‌ಗೂ ವಯಸ್ಸಿನ ಮಿತಿ ಇದೆ, ಹೆಚ್ಚಿನ ಕಡೆ 3 ವರ್ಷದಿಂದ.

ಪಾಠದ ವಿಷಯದಲ್ಲಿ ಇಡೀ ಬ್ಯಾಗು ಹೊರಬೇಡಿ. ತಪ್ಪಿಹೋಗುವ ಒಂದೆರಡು ಪಾಠ ಸಾಕು, ಅದೂ ಮನೆಯಲ್ಲೇ ಡೌನ್‌ಲೋಡ್ ಮಾಡಿ ಅಥವಾ ಪ್ರಿಂಟ್ ತೆಗೆದು. ನಡುಸಮುದ್ರದಲ್ಲಿ ಇಂಟರ್‌ನೆಟ್ ಬರುವುದು ಉಪಗ್ರಹದಿಂದ. ಅದನ್ನು ನಂಬಿ ಕೂತರೆ ಸ್ಕ್ರೀನ್ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ, ಮಗು ಆಕಳಿಸುತ್ತಲೇ ಇರುತ್ತದೆ. ಬೆಳಿಗ್ಗೆ ಮುಕ್ಕಾಲು ಗಂಟೆ ಓದು, ಆಮೇಲೆ ಪುಸ್ತಕ ಮುಚ್ಚಿ. ಉಳಿದ ಗಣಿತ ಹಡಗಿನಲ್ಲೇ ಇದೆ. ಎಷ್ಟೋ ಹಡಗುಗಳ ಕ್ಯಾಬಿನ್ ಟಿವಿಯಲ್ಲಿ ವೇಗ ಕಾಣಿಸುತ್ತದೆ, ನಾಟ್ ಲೆಕ್ಕದಲ್ಲಿ. 1 ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. 20 ನಾಟ್ ವೇಗದಲ್ಲಿ ರಾತ್ರಿಯಿಡೀ 10 ತಾಸು ಓಡಿದರೆ ನಾವು ಮಲಗಿದ್ದಾಗ ಎಷ್ಟು ದೂರ ಬಂದೆವು? ಸುಮಾರು 370 ಕಿಲೋಮೀಟರ್. ದಿನಾ ಇದನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ಟೀಚರ್ ಕೂಡ ಖುಷಿಪಡುತ್ತಾರೆ.

ಹತ್ತುವ ದಿನ ಈಜುಡುಗೆ, ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಕ್ಯಾಬಿನ್‌ಗೆ ಬರುವಷ್ಟರಲ್ಲಿ ಸಂಜೆಯಾಗಬಹುದು. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ರೋಮಿಂಗ್ ಬಿಲ್ ನೋಡಿ ತಲೆ ತಿರುಗುತ್ತದೆ. ತುರ್ತು ಸಮಯದಲ್ಲಿ ಎಲ್ಲಿ ಸೇರಬೇಕೆಂದು ತೋರಿಸುವ ಡ್ರಿಲ್ ಕಡ್ಡಾಯ. ಮಕ್ಕಳ ಕೈಯಲ್ಲೇ ದಾರಿ ತೋರಿಸಿಕೊಳ್ಳಿ. ತಲೆಸುತ್ತು, ವಾಂತಿ ಆಗುವ ಮಗುವಿಗೆ ಕೆಳಗಿನ ಡೆಕ್‌ನ ನಡುಭಾಗದ ಕ್ಯಾಬಿನ್ ಒಳ್ಳೆಯದು, ಅಲ್ಲಿ ತೂಗಾಟ ಕಡಿಮೆ. ಊಟಕ್ಕೆ ಮುಂಚೆ ಸೋಪಿನಲ್ಲೇ ಕೈ ತೊಳೆಸಿ. ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

ಬಂದರಿನಲ್ಲಿ ಇಳಿದಾಗ ಅಲ್ಲಿನ ಸಮಯ ಬೇರೆ ಇದ್ದರೂ ಗಡಿಯಾರ ಹಡಗಿನ ಸಮಯಕ್ಕೇ ಇರಲಿ. ಸ್ವಂತವಾಗಿ ಸುತ್ತಲು ಹೋದವರು ತಡಮಾಡಿದರೆ ಹಡಗು ಕಾಯುವುದಿಲ್ಲ.

ವಾಪಸ್ ಬಂದ ಮರುದಿನವೇ ಸ್ಕೂಲಿಗೆ ಅಟ್ಟಬೇಡಿ, ಒಂದು ದಿನ ಬಿಡುವು ಇಟ್ಟುಕೊಳ್ಳಿ. ನೆಲಕ್ಕಿಳಿದ ಮೇಲೂ ಒಂದೆರಡು ದಿನ ಕಾಲಡಿ ತೂಗಿದಂತೆ ಅನ್ನಿಸುವುದುಂಟು. ಆ ಬಿಡುವಿನ ದಿನ ಗೆಳೆಯರ ಮನೆಗೆ ಹೋಗಿ ಬಿಟ್ಟುಹೋದ ನೋಟ್ಸ್ ಬರೆದುಕೊಂಡು ಬರಲಿ.