ಅಪ್ಪ-ಅವ್ವನ ಮೊದಲ ದುಬೈ: ಎಲ್ಲಿ ಕೈ ಬಿಚ್ಚಿದೆ, ಎಲ್ಲಿ ಬಿಗಿ ಹಿಡಿದೆ

ಅಪ್ಪ ರಿಟೈರ್ ಆದ ಮೇಲೆ ಅವರನ್ನೂ ಅವ್ವನನ್ನೂ ಎಲ್ಲಾದರೂ ಹೊರದೇಶಕ್ಕೆ ಕರೆದುಕೊಂಡು ಹೋಗಬೇಕು ಅಂತ ನನಗೂ ತಂಗಿಗೂ ಆಸೆ ಇತ್ತು. ಹುಬ್ಬಳ್ಳಿಯಲ್ಲಿ ಮನೆ, ಮಕ್ಕಳ ಓದು, ಸಾಲ ಅಂತಲೇ ಬದುಕಿದವರು. ಮೊದಲ ಸಲ ವಿಮಾನದಲ್ಲಿ ಸಮುದ್ರ ದಾಟುವಾಗ ಅವರನ್ನು ಯಾರೋ ಕಾಯುತ್ತಿರಬೇಕು, ಅವರು ಎಲ್ಲೂ ಕ್ಯೂ ನಿಲ್ಲಬಾರದು. ನನಗೆ ಐಷಾರಾಮ ಅಂದರೆ ಅದೇ. ಊರು ದುಬೈ ಅಂತ ತೀರ್ಮಾನವಾಯಿತು. ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾರಾಟ, ಒಂದೂವರೆ ಗಂಟೆಯ ಸಮಯ ವ್ಯತ್ಯಾಸ. ವಯಸ್ಸಾದವರಿಗೆ ನಿದ್ದೆ ಕೆಡುವುದಿಲ್ಲ.

ಏಜೆಂಟರು ಕಳಿಸಿದ ಪ್ಯಾಕೇಜುಗಳನ್ನು ನೋಡಿದೆ. ದಿನಕ್ಕೆ ನಾಲ್ಕೈದು ಜಾಗ, ಉದ್ದದ ಕಾರು, ಚಿನ್ನದ ಪುಡಿ ಉದುರಿಸಿದ ಕಾಫಿ. ಅವ್ವನಿಗೆ ಮಂಡಿನೋವು. ಅಷ್ಟು ಓಡಾಟ ಆಗದು. ಹಾಗಾಗಿ ನಾನೇ ಕೂತು ಪ್ಲ್ಯಾನ್ ಮಾಡಿದೆ. ಒಂದೇ ಅಳತೆ ಇಟ್ಟುಕೊಂಡೆ: ಜಾಸ್ತಿ ದುಡ್ಡು ಕೊಟ್ಟರೆ ಗದ್ದಲ ಕಡಿಮೆ ಆಗುತ್ತದೆಯಾ? ಆಗುವುದಾದರೆ ಕೊಡೋಣ. ಬರೀ ಹೊಳಪು ಜಾಸ್ತಿ ಆಗುವುದಾದರೆ ಬೇಡ.

ಮೊದಲು ತಿಂಗಳು. ನವೆಂಬರಿನಿಂದ ಮಾರ್ಚ್ ತನಕ ದುಬೈ ಹಿತವಾಗಿರುತ್ತದೆ. ಬೇಸಿಗೆಯಲ್ಲಿ ಹೋಟೆಲ್ ಅಗ್ಗ, ಆದರೆ ಹೊರಗೆ 40 ಡಿಗ್ರಿ ದಾಟುತ್ತದೆ, ಮರುಭೂಮಿಯ ಆಸೆ ಬಿಡಬೇಕು. ಹೊಸ ವರ್ಷದ ಆಸುಪಾಸಿನಲ್ಲಿ ದರವೂ ಜನವೂ ಮುಗಿಲಿಗೆ ಏರಿರುತ್ತವೆ. ರಂಜಾನ್ ಪ್ರತಿ ವರ್ಷ ಹನ್ನೊಂದು ದಿನದಷ್ಟು ಮುಂಚೆ ಬರುತ್ತದೆ, ಅದನ್ನೂ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಬೇಕು. ಆ ತಿಂಗಳಿಗೆ ಅದರದೇ ಸೊಗಸಿದೆ, ಸಂಜೆಯ ಇಫ್ತಾರ್ ಊಟ ನೋಡುವಂಥದ್ದು. ಆದರೆ ಹಗಲಿನ ವೇಳಾಪಟ್ಟಿಗಳು ಬದಲಾಗುತ್ತವೆ. ನಾನು ಜನವರಿ ಕೊನೆಯ ವಾರ ಆರಿಸಿದೆ.

ಆಮೇಲೆ ಹೋಟೆಲ್. ಎಲ್ಲ ರಾತ್ರಿಗಳಿಗೂ ಪಂಚತಾರಾ ರೂಮು ತೆಗೆದುಕೊಂಡರೆ ಅರ್ಧ ದುಡ್ಡು ನಿದ್ದೆಗೇ ಹೋಗುತ್ತದೆ. ನಾನು ಮಾಡಿದ್ದು ಹೀಗೆ: ಊರಲ್ಲಿ ಮೆಟ್ರೋ ಸ್ಟೇಷನ್ ಪಕ್ಕ ಶುಭ್ರವಾದ ಸಾಧಾರಣ ಹೋಟೆಲ್, ಕೊನೆಯ ಒಂದು ರಾತ್ರಿ ಮಾತ್ರ ಮರುಭೂಮಿಯೊಳಗಿನ ಅಲ್ ಮಹಾ ರೆಸಾರ್ಟ್. ಉಳಿಸಿದ ದುಡ್ಡೆಲ್ಲ ಆ ಒಂದು ರಾತ್ರಿಗೆ. ಇಲ್ಲೊಂದು ಮಾತು. ಬುಕಿಂಗ್ ಆ್ಯಪ್‌ನಲ್ಲಿ ಕಾಣುವ ದರ ಪೂರ್ತಿ ದರ ಆಗಿರಲೇಬೇಕೆಂದಿಲ್ಲ. ಸರ್ವಿಸ್ ಚಾರ್ಜ್ ಶೇ. 10, ಮುನಿಸಿಪಾಲಿಟಿ ಶುಲ್ಕ ಶೇ. 7, ವ್ಯಾಟ್ ಶೇ. 5, ಅದರ ಮೇಲೆ ಟೂರಿಸಂ ದಿರ್ಹಮ್ (ದಿರ್ಹಮ್ ಅಂದರೆ ಅಲ್ಲಿನ ಹಣ) ಅಂತ ಪ್ರತಿ ರಾತ್ರಿಗೆ ಒಂದು ಶುಲ್ಕ. ಪಂಚತಾರಾ ಆದರೆ ರೂಮಿಗೆ 20 ದಿರ್ಹಮ್. ಎಲ್ಲ ಸೇರಿದ ಮೊತ್ತವನ್ನೇ ಹೋಲಿಸಿ ನೋಡಬೇಕು.

ಮರುಭೂಮಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಮಟ್ಟಿಗೆ ಇಡೀ ಪ್ರವಾಸದ ಜೀವ ಇದ್ದದ್ದು ಅಲ್ಲೇ. ಸಾಮಾನ್ಯ ಸಫಾರಿ ಅಂದರೆ ದೊಡ್ಡ ಜೀಪಿನಲ್ಲಿ ಮರಳ ದಿಬ್ಬ ಹತ್ತಿ ಇಳಿಸುವುದು, ಆಮೇಲೆ ನೂರಾರು ಜನರ ಶಿಬಿರದಲ್ಲಿ ಮೈಕು, ಕುಣಿತ, ಬಫೆ. ಹುಡುಗರಿಗೆ ಖುಷಿ, ಬೆನ್ನು-ಮಂಡಿ ನೋವಿದ್ದವರಿಗೆ ಬೇಡವೇ ಬೇಡ. ಬಲೂನ್ ಹಾರಾಟವನ್ನೂ ಯೋಚಿಸಿದ್ದೆ. ಬೆಳಗಿನ ಜಾವ ಮರಳ ಮೇಲೆ ತೇಲುವುದು ಚಂದವೇ. ಆದರೆ ಇಳಿಯುವಾಗ ಬುಟ್ಟಿಯೊಳಗೆ ಮಂಡಿ ಬಗ್ಗಿಸಿ ಗಟ್ಟಿಯಾಗಿ ಹಿಡಿದು ಕೂರಬೇಕು ಅಂತ ಗೊತ್ತಾದ ಮೇಲೆ ಅವ್ವನ ಕಾರಣಕ್ಕೆ ಬಿಟ್ಟೆ.

ಅಲ್ ಮಹಾ ಇರುವುದು ದುಬೈ ಮರುಭೂಮಿ ಸಂರಕ್ಷಣಾ ಪ್ರದೇಶದಲ್ಲಿ. 225 ಚದರ ಕಿಲೋಮೀಟರ್ ಜಾಗ, ಸುತ್ತ ಬೇಲಿ, ವಾಹನಗಳಿಗೆ ಮಿತಿ. ಅರೇಬಿಯನ್ ಒರಿಕ್ಸ್ ಅನ್ನುವ ಬಿಳಿ ಮೈಯ, ನೀಳ ಕೊಂಬಿನ ಪ್ರಾಣಿ 1970ರ ದಶಕದ ಆರಂಭದಲ್ಲಿ ಕಾಡಿನಿಂದ ಪೂರ್ತಿ ಮಾಯವಾಗಿತ್ತು. ಸಾಕಿ ಬೆಳೆಸಿ ಮತ್ತೆ ಬಿಟ್ಟಿದ್ದಾರೆ. ರೆಸಾರ್ಟಿನ ಪ್ರತಿ ಮನೆಗೂ ಅದರದೇ ಪುಟ್ಟ ಈಜುಕೊಳ. ಅಪ್ಪ ಕೊಳದ ಅಂಚಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಒಂದು ಒರಿಕ್ಸ್ ಹತ್ತು ಹೆಜ್ಜೆ ದೂರಕ್ಕೆ ಬಂದು, ಇವರನ್ನು ನೋಡಿ, ತನ್ನ ಪಾಡಿಗೆ ಹುಲ್ಲು ಕಿತ್ತು ತಿನ್ನತೊಡಗಿತು. ಅಪ್ಪ ಫೋನು ತೆಗೆಯಲೂ ಇಲ್ಲ, ಅಲುಗಾಡಲೂ ಇಲ್ಲ.

ಅಲ್ಲಿ ಊಟವೂ ಎರಡು ಮರುಭೂಮಿ ಚಟುವಟಿಕೆಗಳೂ ರೂಮಿನ ದರದಲ್ಲೇ ಸೇರಿದ್ದವು. ಅದಕ್ಕೇ ತಡವಾಗಿ ಹೋಗಬಾರದು. ಮಧ್ಯಾಹ್ನದ ಹೊತ್ತಿಗೆ ಹೋಗಿ, ಸಂಜೆ ಒಂದು, ಮರುದಿನ ಬೆಳಿಗ್ಗೆ ಒಂದು ಅಂತ ಮುಂಚೆಯೇ ಈಮೇಲ್‌ನಲ್ಲಿ ಹೇಳಿಟ್ಟಿದ್ದೆ. ಅವ್ವನಿಗೆ ಒಂಟೆ ಸವಾರಿ ಆಗುವುದಿಲ್ಲ, ವಾಹನದಲ್ಲಿ ಪ್ರಾಣಿ ನೋಡಲು ಹೋಗುತ್ತೇವೆ ಅಂತಲೂ ಬರೆದಿದ್ದೆ. ವಾಹನ ಹತ್ತಲು ಮೆಟ್ಟಿಲು ತಂದಿಟ್ಟಿದ್ದರು. ನಾನು ದುಡ್ಡು ಕೊಟ್ಟಿದ್ದು ಇಂಥದ್ದಕ್ಕೆ.

ಬೆಳಿಗ್ಗೆ ಗೈಡ್ ಒಂದು ಮರದ ಕೆಳಗೆ ಗಾಡಿ ನಿಲ್ಲಿಸಿದ. ಘಾಫ್ ಅಂದ, ದುಬೈ ಸೇರಿರುವ ದೇಶವಾದ ಯುನೈಟೆಡ್ ಅರಬ್ ಎಮಿರೇಟ್ಸ್‌ನ ರಾಷ್ಟ್ರೀಯ ಮರ. ಬೇರು ಹತ್ತಾರು ಮೀಟರ್ ಆಳಕ್ಕೆ ಇಳಿದು ನೀರು ಹುಡುಕುತ್ತದಂತೆ. ಅವ್ವ ಎಲೆ ನೋಡಿದ್ದೇ, "ಏ, ಇದು ನಮ್ಮ ಬನ್ನಿ ಗಿಡ ಅಲ್ಲೇನ?" ಅಂದರು. ಹೌದು, ಅದೇ. ವಿಜಯದಶಮಿಗೆ ನಾವು ಕೈಗೆ ಕೈ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತೇವಲ್ಲ, ಆ ಬನ್ನಿಯೇ. ಸಣ್ಣ ಸಣ್ಣ ಜೋಡಿ ಎಲೆ, ಗಂಟು ಗಂಟು ರೆಂಬೆ, ಮೈಮೇಲೆ ಚೂಪು ಮುಳ್ಳು. ಎಲೆ ಕೀಳುವಂತಿಲ್ಲ ಅಂದ ಗೈಡ್. ಅವ್ವ ಕಾಂಡ ಮುಟ್ಟಿ ನಮಸ್ಕಾರ ಮಾಡಿ, "ಇಷ್ಟ ಸಾಕಪ್ಪಾ" ಅಂದರು. ಅಲ್ಲಿಂದ ಮುಂದೆ ಅವರಿಗೆ ಆ ಮರಳುಗಾಡು ಪರದೇಶ ಅನ್ನಿಸಲೇ ಇಲ್ಲ.

ಊರೊಳಗಿನ ದಿನಗಳನ್ನು ನಾನು ಸೂರ್ಯಾಸ್ತದ ಸಮಯ ಹಿಡಿದು ಕೂಡಿಸಿದೆ. ದುಬೈನಲ್ಲಿ ಎಲ್ಲ ದೊಡ್ಡ ಅನುಭವಗಳೂ ಸಂಜೆಯ ಆ ಒಂದೂವರೆ ಗಂಟೆಗೇ ಪೈಪೋಟಿ ಮಾಡುತ್ತವೆ: ಎತ್ತರದ ಕಟ್ಟಡ, ದೋಣಿ, ಮರಳು. ಹಾಗಾಗಿ ದಿನಕ್ಕೆ ಒಂದೇ ದೊಡ್ಡದು, ಅದೂ ಸಂಜೆಗೆ. ಬೆಳಿಗ್ಗೆ ಆರಾಮ, ಮಧ್ಯಾಹ್ನ ಊಟ ಮಾಡಿ ಮಲಗುವುದು.

ಬುರ್ಜ್ ಖಲೀಫಾಗೆ ಮುಖ್ಯವಾಗಿ ಎರಡು ಬಗೆಯ ಟಿಕೆಟ್ ಇದೆ. 124-125ನೇ ಮಹಡಿಯದು ಎಲ್ಲರೂ ತೆಗೆದುಕೊಳ್ಳುವುದು. 148ನೇ ಮಹಡಿಯದು ದುಪ್ಪಟ್ಟಿಗೂ ಜಾಸ್ತಿ. ನನ್ನ ಅಳತೆಗೆ ಎರಡನೆಯದೇ ಸರಿ ಬಂತು. ಮೇಲೆ ಜನ ಕಡಿಮೆ, ಕ್ಯೂ ಚಿಕ್ಕದು, ಕೂರಲು ಜಾಗ, ಜೊತೆಗೆ ಖರ್ಜೂರ, ಅರಬ್ಬಿ ಕಾಫಿ. ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚಿನ ಸ್ಲಾಟ್ ಹಿಡಿದೆ. ಹಗಲೂ ಸಿಗುತ್ತದೆ, ದೀಪ ಹತ್ತಿದ ಊರೂ ಸಿಗುತ್ತದೆ. ಆ ಕಟ್ಟಡ 828 ಮೀಟರ್ ಎತ್ತರ. ಮೇಲಿದ್ದವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. ಅದಕ್ಕೇ 80ನೇ ಮಹಡಿಗಿಂತ ಮೇಲಿನವರು ರಂಜಾನ್ ಉಪವಾಸ ಬಿಡಲು ಎರಡು ನಿಮಿಷ, 150ಕ್ಕಿಂತ ಮೇಲಿನವರು ಮೂರು ನಿಮಿಷ ಜಾಸ್ತಿ ಕಾಯಬೇಕು ಅಂತ 2011ರಲ್ಲಿ ಅಲ್ಲಿನ ಮುಫ್ತಿ, ಅಂದರೆ ಧರ್ಮಗುರು, ಹೇಳಿದ್ದರು. ಅಪ್ಪನಿಗೆ ಈ ಲೆಕ್ಕ ಬಹಳ ಹಿಡಿಸಿತು. ಕಾಫಿಯೂ ಹಿಡಿಸಿತು. ಹಾಲಿಲ್ಲ, ಸಕ್ಕರೆ ಇಲ್ಲ, ತಿಳಿ ಬಣ್ಣ, ಮೂಗಿಗೆ ಏಲಕ್ಕಿ. ಬಟ್ಟಲು ಖಾಲಿ ಆದಂತೆ ತುಂಬುತ್ತಲೇ ಇರುತ್ತಾರೆ. ಸಾಕು ಅನ್ನಿಸಿದರೆ ಬಟ್ಟಲನ್ನು ಮೆಲ್ಲಗೆ ಆಚೀಚೆ ಅಲ್ಲಾಡಿಸಬೇಕು.

ಬುರ್ಜ್ ಅಲ್ ಅರಬ್ ಅನ್ನುವ ಹೆಸರಾಂತ ಐಷಾರಾಮಿ ಹೋಟೆಲ್ ಒಳಗೆ ಹೋಗುವುದನ್ನು ಬಿಟ್ಟೆ. ಬುಕಿಂಗ್ ಇಲ್ಲದೆ ಒಳಗೆ ಬಿಡುವುದಿಲ್ಲ, ಬುಕ್ ಮಾಡಿದರೆ ಸಿಗುವುದು ಮುಖ್ಯವಾಗಿ ಚಿನ್ನದ ಅಲಂಕಾರ. ಅದರ ನಿಜವಾದ ಚೆಲುವು ಹಾಯಿಯಂತಿರುವ ಅದರ ಮೈಮಾಟದಲ್ಲಿದೆ. ಅದನ್ನು ಹೊರಗಿನಿಂದಲೇ ನೋಡಬೇಕು. ಪಕ್ಕದ ಸೂಕ್ ಮದೀನತ್ ಜುಮೇರಾ ಅನ್ನುವ ಮಾರುಕಟ್ಟೆಯ ಕಾಲುವೆ ಬದಿಯಲ್ಲಿ ಕೂತರೆ ಎದುರಿಗೇ ಕಾಣುತ್ತದೆ. ಆ ದುಡ್ಡನ್ನು ದುಬೈ ಮರೀನಾದಿಂದ ನಮ್ಮ ನಾಲ್ವರಿಗೇ ಒಂದು ಸಣ್ಣ ಯಾಟ್ ಹಿಡಿಯಲು ಬಳಸಿದೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ದೊಡ್ಡ ದೋಣಿಯ ಬಫೆ ಟಿಕೆಟ್ ನಾಲ್ಕು ಜನಕ್ಕೆ ಲೆಕ್ಕ ಹಾಕಿದರೆ ವ್ಯತ್ಯಾಸ ಅಂದುಕೊಂಡಷ್ಟು ಇರಲಿಲ್ಲ.

ಊಟ. ಸಸ್ಯಾಹಾರಿಗಳಿಗೆ ದುಬೈ ಇವತ್ತು ಚಿಂತೆಯ ಊರಲ್ಲ. ಟ್ರೆಸಿಂಡ್ ಸ್ಟುಡಿಯೋ 2025ರಲ್ಲಿ ಮೂರು ಮಿಶೆಲಿನ್ ಸ್ಟಾರ್ (ಒಳ್ಳೆಯ ಅಡುಗೆಗೆ ಕೊಡುವ ಜಾಗತಿಕ ಮನ್ನಣೆ) ಪಡೆದ ಜಗತ್ತಿನ ಮೊದಲ ಭಾರತೀಯ ರೆಸ್ಟೋರೆಂಟ್. ಟೇಬಲ್ ಸಿಗುವುದು ಬಹಳ ಕಷ್ಟ. ನಾನು ಆರಿಸಿದ್ದು ಅವತಾರಾ, ಪೂರ್ತಿ ಸಸ್ಯಾಹಾರಿ, ಅದಕ್ಕೂ ಮಿಶೆಲಿನ್ ಸ್ಟಾರ್ ಬಂದಿದೆ. ಒಂದಾದ ಮೇಲೊಂದು ಸಣ್ಣ ಸಣ್ಣ ಬಗೆ ಬರುತ್ತಲೇ ಇರುತ್ತದೆ, ಊಟ ಎರಡು ಗಂಟೆ ದಾಟುತ್ತದೆ. ಅದಕ್ಕೇ ಸಂಜೆಯ ಮೊದಲ ಸರದಿ ಕೇಳಿದೆ, ಮೆತ್ತನೆಯ ಬೆನ್ನು ಇರುವ ಕುರ್ಚಿ ಕೇಳಿದೆ. ಇಂಥ ಕಡೆ ಕೇಳುವುದಕ್ಕೆ ಸಂಕೋಚ ಬೇಡ. ಆದರೆ ರದ್ದು ಮಾಡಿದರೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನು ಓದಿಯೇ ಕಾರ್ಡ್ ನಂಬರ್ ಕೊಡಿ. ಉಳಿದ ಹೊತ್ತಿನಲ್ಲಿ ಕರಾಮಾ ಅನ್ನುವ ಬಡಾವಣೆಯಲ್ಲಿ ಇಡ್ಲಿ, ದೋಸೆ.

ಎರಡು ಸಣ್ಣ ಖರ್ಚಿನ ಸುಖಗಳನ್ನು ಬಿಡಬೇಡಿ. ಮೆಟ್ರೋದಲ್ಲಿ ಗೋಲ್ಡ್ ಕ್ಲಾಸ್‌ಗೆ ದುಪ್ಪಟ್ಟು ದರ, ಆದರೂ ನಮ್ಮ ಲೆಕ್ಕದಲ್ಲಿ ಅಗ್ಗವೇ. ರೈಲಿನ ತುದಿಯ ಬೋಗಿ, ಅಗಲ ಸೀಟು. ಒಳಗೆ ಏನೂ ತಿನ್ನುವಂತಿಲ್ಲ, ದಂಡ ಇದೆ. ಇನ್ನೊಂದು, ಹಳೆಯ ಕ್ರೀಕ್‌ನಲ್ಲಿ, ಅಂದರೆ ಊರೊಳಗೆ ಚಾಚಿದ ಸಮುದ್ರದ ಹಿನ್ನೀರಿನಲ್ಲಿ, ಬರ್ ದುಬೈನಿಂದ ದೇರಾ ದಡಕ್ಕೆ ಹೋಗುವ ಮರದ ಅಬ್ರಾ ದೋಣಿ. ಒಂದು ದಿರ್ಹಮ್.

ಸೂಟ್‌ಕೇಸ್ ಕಟ್ಟುವ ಮುಂಚೆ ಅವ್ವನ ಡಬ್ಬಿಗಳನ್ನು ಒಂದೊಂದಾಗಿ ನೋಡಿದೆ. ಎಮಿರೇಟ್ಸ್‌ನಲ್ಲಿ ಗಸಗಸೆ ನಿಷಿದ್ಧ. ಹಾಗೇ ಇರಲಿ, ಮಸಾಲೆ ಪುಡಿಯಲ್ಲಿ ಬೆರೆತಿರಲಿ, ಒಯ್ಯಬಾರದು. ಕೋಡೀನ್, ಟ್ರಮಡಾಲ್ ಇರುವ ನೋವಿನ, ಕೆಮ್ಮಿನ ಮಾತ್ರೆ-ಸಿರಪ್‌ಗಳಿಗೂ ಮೊದಲೇ ಅನುಮತಿ ಬೇಕು. ಬಿಪಿ, ಶುಗರ್ ಮಾತ್ರೆಗಳಿಗೆ ಡಾಕ್ಟರ ಚೀಟಿ ಜೊತೆಗಿಟ್ಟೆವು. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ ರೂಪಾಯಿಯಲ್ಲಾ ದಿರ್ಹಮ್‌ನಲ್ಲಾ ಅಂತ ಮೆಷಿನ್ ಕೇಳಿದರೆ ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅವರ ಕಡೆಯವರು ನಿಗದಿ ಮಾಡುತ್ತಾರೆ, ಅದು ನಮಗೆ ದುಬಾರಿ ಬೀಳುತ್ತದೆ.

ಪುಟ್ಟ ಮಕ್ಕಳಿರುವ ಮನೆಯವರು ನನ್ನ ಪ್ಲ್ಯಾನ್ ಹಾಗೇ ಎತ್ತಿಕೊಳ್ಳಬೇಡಿ. ಅಲ್ ಮಹಾದಲ್ಲಿ ಚಿಕ್ಕ ಮಕ್ಕಳನ್ನು ಸೇರಿಸುವುದಿಲ್ಲ. ಅವರಿಗೆ ಆ ಒಂದು ದೊಡ್ಡ ರಾತ್ರಿಯನ್ನು ಪಾಮ್ ಜುಮೇರಾ ಅನ್ನುವ ಕೃತಕ ದ್ವೀಪದ ಅಟ್ಲಾಂಟಿಸ್ ಹೋಟೆಲ್‌ಗೆ ಇಟ್ಟುಕೊಳ್ಳಿ ಅಂತ ಹೇಳುತ್ತೇನೆ. ಅಲ್ಲಿ ಉಳಿದವರಿಗೆ ಅಕ್ವಾವೆಂಚರ್ ನೀರಿನ ಪಾರ್ಕಿಗೆ ಬೇರೆ ಟಿಕೆಟ್ ಬೇಕಿಲ್ಲ. ಶುಕ್ರವಾರದಿಂದ ಭಾನುವಾರದ ತನಕ ಬಿಟ್ಟು ವಾರದ ನಡುವಿನ ದಿನ ಹಿಡಿದರೆ ದರವೂ ಇಳಿಯುತ್ತದೆ, ಮಕ್ಕಳಿಗೆ ಜಾರುಬಂಡೆಯ ಕ್ಯೂ ಕೂಡ ಕಡಿಮೆ.