ಮೈಸೂರಿನ ಪಿನ್‌ಕೋಡ್ ಅವಿಭಾಜ್ಯವೇ? ಪೆನ್ಸಿಲ್ ಹಿಡಿದು ನೋಡಿ

ಅಶೋಕ ರಸ್ತೆಯ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 570001. ಇದು ಅವಿಭಾಜ್ಯ ಸಂಖ್ಯೆಯೇ? ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲವೇ? ನೋಡಲು ಒಂದು ಹಾಳೆ, ಪೆನ್ಸಿಲ್, ಸಾದಾ ಕ್ಯಾಲ್ಕುಲೇಟರ್ ಸಾಕು. ಮಧ್ಯಾಹ್ನವೊಂದು ಬಿಡುವಿರಬೇಕು, ಅಷ್ಟೆ.

ಮೊದಲು ಎಲ್ಲಿಗೆ ನಿಲ್ಲಿಸಬೇಕೆಂದು ಗೊತ್ತುಮಾಡಿಕೊಳ್ಳಿ. ಯಾವುದೇ ಸಂಖ್ಯೆಯನ್ನು ಎರಡರ ಗುಣಲಬ್ಧವಾಗಿ ಬರೆದರೆ, ಅವೆರಡರಲ್ಲಿ ಒಂದಾದರೂ ಅದರ ವರ್ಗಮೂಲವನ್ನು ಮೀರುವುದಿಲ್ಲ. 755ರ ವರ್ಗ 570025. ನಮ್ಮದು ಅದಕ್ಕಿಂತ 24 ಕಡಿಮೆ. ಹಾಗಾಗಿ 754ರ ಆಚೆ ಹೋಗಬೇಕಿಲ್ಲ. ಅದರೊಳಗೂ ಅವಿಭಾಜ್ಯಗಳಿಂದಷ್ಟೇ ಭಾಗಿಸಿ. 2ರಿಂದ ಹೋಗದ್ದು 4ರಿಂದ ಹೋಗುತ್ತದೆಯೇ? ಅಂಥ ಅವಿಭಾಜ್ಯಗಳು 133 ಇವೆ. ಗಾಬರಿ ಬೇಡ, ಮೊದಲ ಆರು ಬಾಯಿಲೆಕ್ಕದಲ್ಲೇ ಮುಗಿಯುತ್ತವೆ.

ಕೊನೆಯ ಅಂಕಿ 1, ಆದ್ದರಿಂದ 2, 5ರಿಂದ ಭಾಗವಾಗದು. ಅಂಕಿಗಳ ಮೊತ್ತ 13, ಹಾಗಾಗಿ 3ರಿಂದಲೂ ಭಾಗವಾಗದು. ಮಂಡ್ಯದವರ ಕೆಲಸ ಇಲ್ಲಿಗೇ ಮುಗಿಯಿತು: 571401ರ ಅಂಕಿಗಳನ್ನು ಕೂಡಿದರೆ 18, ಸಲೀಸಾಗಿ 9ರಿಂದ ಭಾಗವಾಗುತ್ತದೆ.

7, 11, 13ಕ್ಕೆ ನನಗೆ ಬಹಳ ಇಷ್ಟವಾದ ಉಪಾಯವೊಂದಿದೆ. ಮೂರನ್ನೂ ಗುಣಿಸಿದರೆ 1001. ಅದರಿಂದಾಗಿ, ಆರಂಕಿಯ ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಒಡೆದು ಒಂದರಲ್ಲಿ ಇನ್ನೊಂದನ್ನು ಕಳೆದರೆ ಸಾಕು. ಉಳಿದದ್ದು ಇವುಗಳಲ್ಲಿ ಯಾವುದರಿಂದ ಭಾಗವಾಗುತ್ತದೋ ಇಡೀ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ವಿಜಯನಗರದ 570017 ನೋಡಿ: 570ರಲ್ಲಿ 17 ಕಳೆದರೆ 553, ಅದು 7ರ 79 ಪಟ್ಟು. ಬಿತ್ತು. 570011ಕ್ಕೆ 559, ಅದು 13ರ 43 ಪಟ್ಟು. ಅದೂ ಬಿತ್ತು. 570001ಕ್ಕೆ ಬರುವುದು 569. 7ಕ್ಕೆ 2, 11ಕ್ಕೆ 8, 13ಕ್ಕೆ 10 ಉಳಿಯುತ್ತದೆ. ನಮ್ಮದು ಇನ್ನೂ ನಿಂತಿದೆ.

ಇನ್ನು ಕ್ಯಾಲ್ಕುಲೇಟರ್ ತೆಗೆಯಿರಿ. 17ಕ್ಕೆ ಶೇಷ 8. 19ಕ್ಕೆ ಗುಂಡಿ ಒತ್ತುವುದೂ ಬೇಡ, 570 ಎಂದರೆ 19ರ ಮೂವತ್ತು ಪಟ್ಟು, ಶೇಷ 1. 59ಕ್ಕೆ 2 ಉಳಿದು ಕೂದಲೆಳೆಯಲ್ಲಿ ಪಾರಾಗುತ್ತದೆ. ಪ್ರತಿ ಶೇಷವನ್ನೂ ಆಗಿಂದಾಗಲೇ ಬರೆದಿಡಿ. ನಾನು ಬರೆಯದೆ ಹೊರಟು, ಕುಕ್ಕರ್ ಕೂಗಿತೆಂದು ಎದ್ದುಹೋಗಿ ಬಂದಾಗ 307 ಆಗಿತ್ತೋ 311 ಆಗಿತ್ತೋ ನೆನಪಾಗದೆ, 17ರಿಂದ ಮತ್ತೆ ಶುರುಮಾಡಿದೆ. 391 ಅವಿಭಾಜ್ಯದ ಹಾಗೆ ಕಾಣುತ್ತದೆ, ಆದರೆ ಅದು 17ರ 23 ಪಟ್ಟು. ಅದರಿಂದ ಭಾಗಿಸಿದರೆ ಅರ್ಧ ನಿಮಿಷ ದಂಡ, ಅಷ್ಟೆ. ನಿಜವಾದ ಅವಿಭಾಜ್ಯವೊಂದು ಬಿಟ್ಟುಹೋದರೆ ಮಾತ್ರ ಇಡೀ ಲೆಕ್ಕ ಕೆಟ್ಟಿತು.

ಕೊನೆಯದು 751, ಶೇಷ 743. ಅಲ್ಲಿಗೆ 570001 ಅವಿಭಾಜ್ಯ!

ಭಾರಿ ಸಂಖ್ಯೆಗಳಿಗೆ ಈ ದಾರಿ ನಡೆಯದು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅವಿಭಾಜ್ಯಕ್ಕೆ 4,10,24,320 ಅಂಕಿಗಳಿವೆ. 136279841 ಸಲ 2ನ್ನು ಗುಣಿಸಿ 1 ಕಳೆದರೆ ಅದು ಸಿಗುತ್ತದೆ. ಈ ಜಾತಿಯವಕ್ಕೆ ಲೂಕಾಸ್–ಲೆಹ್ಮರ್ ಪರೀಕ್ಷೆ ಇದೆ. 4ರಿಂದ ಶುರುಮಾಡಿ, ಪ್ರತಿ ಸಲ ವರ್ಗ ಮಾಡಿ, 2 ಕಳೆದು, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳುವುದು. ಎಷ್ಟು 2ಗಳನ್ನು ಗುಣಿಸಿದ್ದೆವೋ ಅದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಬೇಕು. 31ಕ್ಕೆ (ಐದು 2ಗಳ ಗುಣಲಬ್ಧದಲ್ಲಿ 1 ಕಳೆದದ್ದು) ಮೂರು ಸಲ: 14, ಆಮೇಲೆ 194, ಶೇಷ 8, ಆಮೇಲೆ 62, ಶೇಷ ಸೊನ್ನೆ. ಇಲ್ಲಿ ಲೆಕ್ಕ ಉಲ್ಟಾ, ಕೊನೆಗೆ ಸೊನ್ನೆ ಬಂದರೇ ಪಾಸು. 127ಕ್ಕೆ ನೀವೇ ಮಾಡಿ ನೋಡಿ. 14 ಆದಮೇಲೆ ದಾರಿಯಲ್ಲಿ 67, 42, 111 ಸಿಗಬೇಕು.